ರಾಜರ ಪಕ್ಕದ ಕಂಬ

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುವಾಗ ಮೆಷಿನ್ನಿನ ಸೂಜಿ ಉಗುರಿನೊಳಗೆ ಇಳಿದುಹೋಗಿತ್ತಂತೆ. ಆಮೇಲೆ ಆ ಉಗುರು ಒಂದಾಗಲೇ ಇಲ್ಲ. ಎಷ್ಟು ದಪ್ಪಗೆ ಬಣ್ಣ ಬಳಿದರೂ ಸೀಳು ಕಾಣುತ್ತಿತ್ತು. ಆನೇಕಲ್ ತಾಲ್ಲೂಕಿನ ಯಾವುದಾದರೂ ಹಳ್ಳಿಗೆ ಹೋಗಿ, ನಾಲ್ಕು ಮಹಡಿ ಬಾಡಿಗೆ ಮನೆ ಕಟ್ಟಿಸಿಕೊಂಡ ಯಜಮಾನರ ಹಾಲಿನಲ್ಲಿ ಟಿವಿಯ ಮೇಲ್ಗಡೆ ನೋಡಿ. ಕಿರೀಟ, ಭುಜಕೀರ್ತಿ, ಕಾಡಿಗೆಯಲ್ಲಿ ತಿದ್ದಿದ ಮೀಸೆಯ ಸಮೇತ ಯಜಮಾನರೇ ರಾಜನಾಗಿ ನಿಂತಿರುತ್ತಾರೆ. ಕೆಲವರ ಎದೆಯ ಮೇಲೆ, ಹಾರಗಳ ನಡುವೆ, ಎಲ್ಲಿಂದ ಬಂತೆಂದು ತಿಳಿಯದ ಒಂದು ಹೆಂಗಸಿನ ಕೈ ಇರುತ್ತದೆ. ಉಗುರು ಸೀಳಿದ್ದರೆ ಅದು ಅಕ್ಕನ ಕೈ. ಮಿಕ್ಕ ಅಕ್ಕನನ್ನು ಕತ್ತರಿಸಿ ತೆಗೆದವನು ನಾನು.

ನನ್ನದು ಚಂದಾಪುರದಲ್ಲಿ ಒಂದು ಬೇಕರಿಯ ಮೇಲಿನ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಫ್ಯಾಕ್ಟರಿ ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಸೈಜು, ಇವೆಲ್ಲ ವರ್ಷಪೂರ್ತಿ ಇದ್ದದ್ದೇ. ಆದರೆ ಸಂಕ್ರಾಂತಿ ಕಳೆದು ಮುಂಗಾರು ಬೀಳುವವರೆಗೆ ನನಗೆ ಅನ್ನ ಹಾಕುವುದು ವೇಷದ ಫೋಟೋ. ನಮ್ಮ ಕಡೆ ಊರೂರಲ್ಲೂ ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟಿ ತಗೊಳ್ಳಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಯಾರಿಗೆ ಅಭಿನಯ ಬರುತ್ತದೆ, ಯಾರ ಕಂಠ ಚೆನ್ನಾಗಿದೆ ಎಂಬ ಮಾತೇ ಇಲ್ಲಿ ಏಳುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಗಂಟಲು ಹರಿದುಕೊಂಡು ಕಲಿಸುತ್ತಾರೆ, ಇವರು ಕಲಿಯುವುದಿಲ್ಲ, ನಾಟಕ ಮಾತ್ರ ನಡೆದೇ ನಡೆಯುತ್ತದೆ.

ಪಾತ್ರಗಳ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಆರ್ಡರ್ ಪುಸ್ತಕದಲ್ಲಿ ಕೈಯಲ್ಲಿ ಹಿಡಿದ ಸಾಮಾನಿನ ಹೆಸರೇ ಬರೆದುಕೊಳ್ಳುತ್ತೇನೆ: ಗದೆ, ಬಿಲ್ಲು, ಕೊಳಲು. ತಿಂಗಳ ಮೊದಲ ವಾರ ಬಾಡಿಗೆ ತಡವಾದರೆ ನೀರಿನ ಮೋಟಾರು ಆರಿಸಿಬಿಡುವ ಮಹಾನುಭಾವ, ದಾನಕ್ಕೆ ಹೆಸರಾದ ರಾಜನ ವೇಷ ಹಾಕಿಕೊಂಡು ಮೈಮೇಲಿನ ಕವಚ ಬಿಚ್ಚಿ ಕೊಡುತ್ತಾನೆ. ಎದುರಿಗೆ ಕೂತು ನೋಡುವವರು ಅವನ ಬಾಡಿಗೆದಾರರೇ. ಬೆಳಿಗ್ಗೆಯಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು ಬಂದವರು ಪಾಪ, ಯಜಮಾನರಿಗೆ ಬೇಜಾರಾದೀತೆಂದು ಚಪ್ಪಾಳೆ ತಟ್ಟುತ್ತಾರೆ, 'ಒನ್ಸ್ ಮೋರ್' ಕೂಗುತ್ತಾರೆ. ಆತ ಅದನ್ನು ನಿಜವೆಂದು ನಂಬಿ ಅದೇ ಪದ್ಯವನ್ನು ಇನ್ನೊಮ್ಮೆ ಕೊಲ್ಲುತ್ತಾನೆ.

ಈ ರಾಜರೆಲ್ಲರಿಗೂ ರಾಣಿ ಒಬ್ಬಳೇ. ಊರಿನ ಹೆಂಗಸರು ಸ್ಟೇಜು ಹತ್ತುವಂತಿಲ್ಲ, ಅದು ಮರ್ಯಾದೆಯ ಪ್ರಶ್ನೆ. ಅದಕ್ಕೆ ಹೊರಗಿನಿಂದ ಒಬ್ಬ ಕಲಾವಿದೆಯನ್ನು ಕರೆಸುತ್ತಾರೆ. ಆಕೆಗೆ ಮರ್ಯಾದೆಯ ಪ್ರಶ್ನೆ ಇಲ್ಲ ಎಂದು ಇವರ ಲೆಕ್ಕ. ಅಕ್ಕ ಹಾಗೆ ಬರುತ್ತಿದ್ದವರು. ನನ್ನ ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ಸೀಸನ್ನಿನಲ್ಲಿ ನಾಟಕ, ಮಳೆಗಾಲದಲ್ಲಿ ರವಿಕೆ ಹೊಲಿಗೆ. ಒಂದೇ ನಾಟಕದಲ್ಲಿ ಗದೆಗೂ ಹೆಂಡತಿ, ಬಿಲ್ಲಿಗೂ ಹೆಂಡತಿ, ಕೊಳಲಿಗೂ ಹೆಂಡತಿ. ನಡುವೆ ಸೀರೆ ಬದಲಾಯಿಸಲು ಎರಡು ನಿಮಿಷ ಸಿಕ್ಕರೆ ಹೆಚ್ಚು. ಇಡೀ ನಾಟಕದ ಮಾತು ಅವರಿಗೆ ಬಾಯಿಪಾಠ, ಎಲ್ಲ ರಾಜರದ್ದೂ ಸೇರಿ. ರಾಜ ಮಾತು ಮರೆತು ಬಾಯಿ ಬಿಟ್ಟುಕೊಂಡು ನಿಂತಾಗ ಅಕ್ಕ ಅಳುವ ನೆಪದಲ್ಲಿ ಸೆರಗು ಬಾಯಿಗೆ ಹಿಡಿದು ಒಳಗಿಂದಲೇ ಹೇಳಿಕೊಡುತ್ತಿದ್ದರು. "ಜನ ನಾನ್ ಅಳ್ತಾ ಇದೀನಿ ಅನ್ಕೊಂಡವ್ರೆ ಕಣೋ. ಇವ್ನಿಗೆ ಪಾಠ ಹೇಳ್ಕೊಡೋದ್ರಲ್ಲೇ ನಂಗೆ ಸಾಕಾಗೋಯ್ತದೆ, ಅಳಕ್ಕೆಲ್ಲಿ ಟೈಮು?" ಎನ್ನುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನನ್ನನ್ನು ತಮ್ಮಯ್ಯ ಎಂದು ಕರೆಯುತ್ತಿದ್ದರು.

ಫೋಟೋ ತೆಗೆಯುವುದು ನಾಟಕಕ್ಕೆ ಮುಂಚೆ, ಹೊತ್ತು ಮುಳುಗುವ ಮೊದಲೇ. ಆಟ ಶುರುವಾದರೆ ಬೆವರಿಗೆ ಬಣ್ಣ ಇಳಿದು ರಾಜ ರಾಕ್ಷಸನಾಗುತ್ತಾನೆ. ಪರದೆ, ವೇಷ ಬಾಡಿಗೆಗೆ ಕೊಡುವ ಡ್ರಾಮಾ ಸೀನ್ಸ್‌ನವರು ತಂದ ಅರಮನೆ ಪರದೆಯನ್ನು ಶಾಲೆಯ ಗೋಡೆಗೆ ಇಳಿಬಿಟ್ಟು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದೆ. ಮೊದಲು ಒಂಟಿ ಫೋಟೋ, ಆಮೇಲೆ ರಾಣಿಯ ಜೊತೆ. ಒಂಟಿ ಫೋಟೋದಲ್ಲಿ ಮರದ ಕೊರಡು ಇದ್ದ ಹಾಗೆ ಇರುತ್ತಿದ್ದರು. ಅಕ್ಕ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರೆ ಸಾಕು, ಅದೇ ಕೊರಡಿಗೆ ಮುಖ ಬರುತ್ತಿತ್ತು. ಗಲ್ಲ ಮೇಲೆದ್ದು, ಹೊಟ್ಟೆ ಒಳಗೆ ಹೋಗಿ, ರಾಜನ ಹಾಗೆ ಕಾಣುತ್ತಿದ್ದರು. ಆದ್ದರಿಂದ ಎಲ್ಲರೂ ಆರಿಸುತ್ತಿದ್ದದ್ದು ಜೋಡಿ ಫೋಟೋವನ್ನೇ. ಆರಿಸಿಬಿಟ್ಟು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: "ಆಯಮ್ಮನ್ನ ತೆಗ್ದ್‌ಬಿಡು ಗುರು. ಮನೇಲಿ ಆಕ್ಬೇಕು."

ನಾನು ತೆಗೆಯುತ್ತಿದ್ದೆ. ಬರೀ ತೆಗೆದರೆ ರಾಜ ಗಾಳಿಗೆ ಒರಗಿಕೊಂಡ ಹಾಗೆ ಕಾಣುತ್ತಾನಲ್ಲ, ಅದಕ್ಕೆ ಬೇಗೂರಿನ ಹಳೇ ದೇವಸ್ಥಾನದಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದ ಒಂದು ಕಲ್ಲಿನ ಕಂಬವನ್ನು ಆ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ಕಂಬ ಬಹಳ ಚೆನ್ನಾಗಿ ಕೂರುತ್ತಿತ್ತು. ವರ್ತೂರಿನಿಂದ ಆನೇಕಲ್ಲಿನವರೆಗೆ ಅಷ್ಟು ರಾಜರು ಒಂದೇ ಕಂಬಕ್ಕೆ ಒರಗಿ ನಿಂತಿದ್ದಾರೆ, ಒಬ್ಬರೂ ಗಮನಿಸಿಲ್ಲ. ಅವರು ನೋಡುವುದು ತಮ್ಮ ಮುಖವನ್ನು ಮಾತ್ರ. ಇದರಲ್ಲಿ ತಪ್ಪೇನಿದೆ ಎಂದು ನನಗೂ ಆಗ ಅನ್ನಿಸಿರಲಿಲ್ಲ. ಮುಖ ಬೆಳ್ಳಗೆ ಮಾಡು ಅಂದರೆ ಮಾಡುತ್ತಿದ್ದೆ, ಹೊಟ್ಟೆ ಇಳಿಸು ಅಂದರೆ ಇಳಿಸುತ್ತಿದ್ದೆ, ಇದೂ ಹಾಗೇ ಒಂದು ಕೆಲಸ ಅಂದುಕೊಂಡಿದ್ದೆ. ಆ ರಾಜರನ್ನು ಕಂಡರೆ ಮೂಗು ಮುರಿಯುವ ನಾನು ಅವರಿಗಿಂತ ಒಂದು ಕೂದಲೆಳೆಯಷ್ಟೂ ಮೇಲಿರಲಿಲ್ಲ.

ಒಂದು ದಿನ ಅಕ್ಕ ಲ್ಯಾಮಿನೇಷನ್ ಮಾಡಿಸಲು ರೇಷನ್ ಕಾರ್ಡು ತಗೊಂಡು ಸ್ಟುಡಿಯೋಗೆ ಬಂದರು. ಕೌಂಟರಿನ ಮೇಲೆ ಆರು ಫ್ರೇಮು ಒಣಗಲು ಇಟ್ಟಿದ್ದೆ. ಎಲ್ಲವೂ ಅವರು ಹಿಂದಿನ ವಾರ ಆಡಿದ ನಾಟಕದ್ದೇ. ಒಂದೊಂದನ್ನೇ ಎತ್ತಿ ನೋಡಿದರು. ನಾನು ಕಂಪ್ಯೂಟರಿನಲ್ಲಿ ಮುಖ ಹುದುಗಿಸಿಕೊಂಡೆ.

"ಏನ್ ತಮ್ಮಯ್ಯ," ಎಂದರು, "ನನ್ನ ಕಂಬ ಮಾಡ್ಬಿಟ್ಟಿದ್ದೀಯ?"

"ಅವ್ರ ಮನೇಲಿ ಗಲಾಟೆ ಆಗುತ್ತಂತೆ ಅಕ್ಕ" ಎಂದೆ.

"ಆಗ್ಲಿ ಬಿಡು. ನನ್ಗಿಂತ ಕಂಬಾನೇ ವಾಸಿ. ಇವ್ರ ಬಾಯಿ ವಾಸನೆ ಅದಕ್ಕೆ ತಟ್ಟಾಕಿಲ್ಲ" ಎಂದು ನಕ್ಕು, ರೇಷನ್ ಕಾರ್ಡು ತೆಗೆದುಕೊಂಡು ಹೋದರು. ಸಿಟ್ಟು ಬಂದಿಲ್ಲ ಎಂದುಕೊಂಡೆ.

ಬಂದಿತ್ತು. ಮುಂದಿನ ನಾಟಕದಿಂದ ಅಕ್ಕ ಫೋಟೋಗೆ ನಿಲ್ಲುವ ರೀತಿಯನ್ನೇ ಬದಲಾಯಿಸಿದರು. ಮೊದಲು ಹೆಗಲ ಮೇಲಿರುತ್ತಿದ್ದ ಕೈ, ನಾನು 'ರೆಡಿ' ಎಂದು ಕ್ಯಾಮೆರಾ ಒತ್ತುವ ಗಳಿಗೆಗೆ ಸರಿಯಾಗಿ ರಾಜನ ಎದೆಯ ನಟ್ಟನಡುವೆ ಬಂದು ಕೂರತೊಡಗಿತು. ಐದೂ ಬೆರಳು ಅಗಲಿಸಿ, ಮುತ್ತಿನ ಸರ, ಹೂವಿನ ಹಾರ, ಜರಿಯ ಪಟ್ಟಿ ಎಲ್ಲದರ ಮೇಲೂ ಸೇರಿಸಿ ಇಡುತ್ತಿದ್ದರು. ಅಷ್ಟು ಸಾಮಾನಿನ ಮೇಲಿರುವ ಕೈಯನ್ನು ಅಳಿಸುವುದು ಆಗಿನ ಕಾಲಕ್ಕೆ ನನ್ನಂಥವನಿಂದ ಆಗುವ ಮಾತಲ್ಲ. ಈಗಾದರೆ ಫೋನಿನಲ್ಲಿ ಬೆರಳಾಡಿಸಿದರೆ ಆಳಿಗೆ ಆಳೇ ಮಾಯ. ರಾಜರಿಗೋ ಪರಮಾನಂದ. ಆಯಮ್ಮನಿಗೆ ತನ್ನ ಮೇಲೆ ಮನಸ್ಸಾಗಿದೆ ಎಂದು ಒಬ್ಬೊಬ್ಬನೂ ಒಳಗೊಳಗೇ ಉಬ್ಬಿದ. ಪ್ರಿಂಟು ಕೈಗೆ ಬಂದ ಮೇಲೆ ಮನೆಗೆ ಹೇಗೆ ಒಯ್ಯುವುದೆಂದು ಬೆವರಿದರು.

ಪಂಚಾಯಿತಿ ಮೆಂಬರೊಬ್ಬರು, ಬಿಲ್ಲಿನ ರಾಜ, ನನ್ನೆದುರು ಕುರ್ಚಿ ಎಳೆದುಕೊಂಡು ಕೂತು ಆ ಕೈ ತೆಗೆಯದೆ ಎದ್ದೇಳುವುದಿಲ್ಲ ಎಂದರು. ಎರಡು ದಿನ ಒದ್ದಾಡಿದೆ. ಕೈ ಹೋದ ಜಾಗದಲ್ಲಿ ಎದೆ ಕಲಸಿದ ಮುದ್ದೆಯಂತಾಯಿತು. ಕೊನೆಗೆ ಕೈ ಇದ್ದ ಫೋಟೋವನ್ನೇ ಒಯ್ದರು. ಕೇಳಿದವರಿಗೆಲ್ಲ ಅದು ಊರದೇವತೆಯ ಅಭಯಹಸ್ತ, ಬೇಕೆಂದೇ ಹಾಕಿಸಿದ್ದು ಎಂದು ಹೇಳಿಕೊಂಡು ತಿರುಗಿದರು. ಅವರ ಹೆಂಡತಿ ದಿನಾ ಆ ಫೋಟೋಗೆ ಊದುಬತ್ತಿ ಹಚ್ಚುತ್ತಾರಂತೆ. ಇದನ್ನು ಅಕ್ಕನಿಗೆ ಹೇಳಿದಾಗ ಹೊಲಿಗೆ ಮೆಷಿನ್ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ದೇವತೆ ಉಗುರು ಯಾಕ್ ಸೀಳೋಗೈತೆ ಅಂತ ಯಾರೂ ಕೇಳ್ಲಿಲ್ವ?" ಎಂದರು.

ಅಕ್ಕನ ತಿರಸ್ಕಾರಕ್ಕೆ ಒಂದು ಕಟ್ಟುನಿಟ್ಟು ಇತ್ತು. ರಾಜರನ್ನು ಅವರು ಎದುರಿಗೆ ಎಂದೂ ಅವಮಾನಿಸಲಿಲ್ಲ. ಸ್ಟೇಜಿನ ಮೇಲೆ ಅವರ ಕಾಲಿಗೆ ಬಿದ್ದರೆ ಹೆಂಡತಿ ಬಿದ್ದ ಹಾಗೆಯೇ ಬೀಳುತ್ತಿದ್ದರು, ಗಂಡ ಯುದ್ಧದಲ್ಲಿ ಸತ್ತರೆ ಜನ ಎದ್ದು ಹೋಗಲಾರದಂತೆ ಅಳುತ್ತಿದ್ದರು. "ಅವ್ನಿಗಲ್ಲ ತಮ್ಮಯ್ಯ ನಾನ್ ಅಳೋದು. ಅವ್ನು ಆಕ್ಕೊಂಡಿರೋ ಪಾತ್ರಕ್ಕೆ" ಎಂದಿದ್ದರು ಒಮ್ಮೆ. ನನಗೆ ಅಂಥ ಕಟ್ಟುನಿಟ್ಟು ಯಾವುದೂ ಇರಲಿಲ್ಲ. ನನ್ನ ತಿರಸ್ಕಾರವೆಲ್ಲ ಗಿರಾಕಿ ಮೆಟ್ಟಿಲು ಇಳಿದ ಮೇಲೆ ಶುರುವಾಗುತ್ತಿತ್ತು.

ಅಕ್ಕನಿಗೆ ಐವತ್ತೆಂಟು ತುಂಬಿದಾಗ ಮಂಡಿ ಹಿಡಿದುಕೊಂಡಿತು. ಕರೆಯುವವರು ಕಡಿಮೆಯಾದರು. ಕಲಾವಿದರಿಗೆ ಮಾಸಾಶನ ಬರುತ್ತದೆ, ಅರ್ಜಿ ಹಾಕು ಎಂದು ಹಾರ್ಮೋನಿಯಂ ಮೇಷ್ಟ್ರು ಹೇಳಿದರು. ಅರ್ಜಿಯ ಜೊತೆ ತುಂಬಾ ವರ್ಷಗಳಿಂದ ಆಡುತ್ತಿದ್ದೇನೆ ಎನ್ನುವುದಕ್ಕೆ ಸಾಕ್ಷಿ ಬೇಕಿತ್ತು: ಹಳೆಯ ಕರಪತ್ರ, ವೇಷದಲ್ಲಿರುವ ಹಳೆಯ ಫೋಟೋ. ಕರಪತ್ರಗಳನ್ನು ಅಕ್ಕ ಜೋಪಾನವಾಗಿ ಇಟ್ಟಿದ್ದರು. ಅವುಗಳಲ್ಲಿ ಪ್ರತಿ ರಾಜನ ಹೆಸರು, ತಂದೆಯ ಹೆಸರು, ಮನೆತನ, ಭಾವಚಿತ್ರ ಎಲ್ಲ ಇದ್ದವು. ಕೊನೆಯಲ್ಲಿ ಒಂದು ಸಾಲು: ಸ್ತ್ರೀ ಪಾತ್ರಗಳು ನುರಿತ ಕಲಾವಿದೆಯಿಂದ. ಹೆಸರು ಎಲ್ಲೂ ಇಲ್ಲ. ಈಚಿನ ಫೋನಿನ ಫೋಟೋಗಳು ಬೇಕಾದಷ್ಟಿದ್ದವು, ಹಳೆಯದು ಒಂದೂ ಇರಲಿಲ್ಲ. ಅವರು ಆರಾಮವಾಗಿ ನನ್ನಲ್ಲಿಗೆ ಬಂದರು.

"ನಿನ್ ಹತ್ರ ಇರ್ತವಲ್ಲ ತಮ್ಮಯ್ಯ. ಅಷ್ಟ್ ವರ್ಷದ್ದು ಇದ್ರೆ ಒಂದ್ ಎರಡ್ ಮೂರು ಪ್ರಿಂಟ್ ಆಕ್ಕೊಡು."

ಹಾರ್ಡ್ ಡಿಸ್ಕ್ ಹಾಕಿ ತೆರೆದೆ. ತೆರೆಯುವಾಗಲೇ ನನಗೆ ಗೊತ್ತಿತ್ತು. ಜಾಗ ಸಾಲದೆಂದು ಪ್ರತಿ ಸೀಸನ್ ಮುಗಿದ ಮೇಲೆ ಮೂಲ ಫೋಟೋಗಳನ್ನು ಅಳಿಸಿ, ತಿದ್ದಿ ಮುಗಿಸಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದೆ. ರಾಜರ ಮುಖ ಉಳಿದರೆ ಸಾಕು, ಮತ್ತೆ ಆರ್ಡರ್ ಬಂದರೆ ಅದೇ ತಾನೇ ಬೇಕಾಗುವುದು. ಅಕ್ಕ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ನಾನು ಒಂದೊಂದೇ ಸರಿಸಿದೆ. ಗದೆ ಮತ್ತು ಕಂಬ. ಬಿಲ್ಲು ಮತ್ತು ಕಂಬ. ಕೊಳಲು ಮತ್ತು ಕಂಬ. ಆಮೇಲಿನ ವರ್ಷಗಳಲ್ಲಿ ಎದೆಯ ಮೇಲೆ ಕೈ. ಕೈಯ ಹಿಂದೆ ಕಂಬ. ಬಿಸಿಲು ಕಿಟಕಿಯಿಂದ ನೆಟ್ಟಗೆ ಪರದೆಗೆ ಬೀಳುತ್ತಿತ್ತು, ಎದ್ದು ಕಿಟಕಿ ಹಾಕುವ ಧೈರ್ಯವೂ ಬರಲಿಲ್ಲ. ಎಲ್ಲ ಮುಗಿದ ಮೇಲೆ ಅಕ್ಕ ಸ್ಟೂಲನ್ನು ಹಿಂದಕ್ಕೆ ಸರಿಸಿದರು.

"ಪರವಾಗಿಲ್ಲ ಬಿಡು" ಎಂದರು. "ಕಂಬಕ್ಕೇನಾದ್ರೂ ಮಾಸಾಶನ ಕೊಡ್ತಾರಾ ಕೇಳ್ನೋಡು."

ನಾಳೆ ವೇಷ ಹಾಕಿಕೊಂಡು ಬನ್ನಿ, ಹೊಸದಾಗಿ ತೆಗೆದು ಹಳೆಯದರ ಹಾಗೆ ಮಾಡಿಕೊಡುತ್ತೇನೆ ಎಂದೆ. ಆ ಮಾತು ಆಡಬಾರದಾಗಿತ್ತು. ಅಷ್ಟು ವರ್ಷ ರಾಜರನ್ನು ನೋಡುತ್ತಿದ್ದ ನೋಟದಲ್ಲಿ ಅಂದು ಮೊದಲ ಸಲ ನನ್ನನ್ನು ನೋಡಿದರು. "ಆಡಿದ್ದೀನಿ ಅನ್ನಕ್ಕೆ ಸಾಕ್ಷಿ ಕೇಳವ್ರೆ. ಇವತ್ತು ಬಣ್ಣ ಅಚ್ಕೊಂಡ್ ನಿಂತ್ರೆ ಅದು ಕಳ್ಳ ಸಾಕ್ಷಿ. ಅಂಗ್ ಬದುಕೋನು ನೀನು, ನಾನಲ್ಲ" ಎಂದು ಎದ್ದು ಹೋದರು. ನನಗೆ ನಾಚಿಕೆಯಾಯಿತು.

ಮಾರನೆಯ ದಿನದಿಂದ ಸ್ಕೂಟರ್ ಹತ್ತಿ ಹಳೆಯ ರಾಜರ ಮನೆಮನೆಗೂ ಹೋದೆ. ಎಲ್ಲ ಕಡೆಯೂ ಅದೇ ಹಾಲು, ಅದೇ ಟಿವಿ, ಅದೇ ನನ್ನ ಕಂಬ. ಜೋಡಿ ಫೋಟೋ ಇದೆಯಾ ಎಂದರೆ ರಾಜರು ಹೆಂಡತಿಯ ಕಡೆ ನೋಡಿ ಕೆಮ್ಮುತ್ತಿದ್ದರು. ಆಗ ನನಗೆ ಒಬ್ಬ ಗದೆ ರಾಜ ನೆನಪಾದ. ಅಕ್ಕನ ಕೈ ಇನ್ನೂ ಹೆಗಲ ಮೇಲಿದ್ದ ಕಾಲದಲ್ಲಿ ಈತ ಎರಡು ಪ್ರಿಂಟು ಹಾಕಿಸಿದ್ದ. ಕಂಬದ್ದೊಂದು ಹಾಲಿಗೆ, ಅಕ್ಕ ಇದ್ದದ್ದೊಂದು 'ಸುಮ್ನೆ ಇರ್ಲಿ, ಯಾರ್ಗೂ ಹೇಳ್ಬೇಡ' ಎಂದು. ಊರ ಹೊರಗಿನ ಆತನ ಮನೆಗೆ ಹೋದೆ. ಕೂಡಿಸಿ ಕಾಫಿ ಕೊಟ್ಟರು. ವಿಷಯ ಎತ್ತಿದ ತಕ್ಷಣ ರಾಜ ಕೆಂಪಾಗಿ, "ಅಂಥದ್ದೆಲ್ಲ ನಾನ್ಯಾಕೆ ಮಾಡಿಸ್ಲಿ? ನಮ್ದು ಮರ್ಯಾದಸ್ಥರ ಮನೆ ಕಣಪ್ಪ" ಎಂದು ಗದರಿದ. ಸ್ಟೇಜಿನ ಮೇಲೆ ಆ ಗತ್ತಿನ ಕಾಲುಭಾಗ ಬಂದಿದ್ದರೂ ನಾಟಕ ಗೆಲ್ಲುತ್ತಿತ್ತು.

ಗೇಟಿನ ಹತ್ತಿರ ಸ್ಕೂಟರ್ ತಿರುಗಿಸುತ್ತಿದ್ದೆ. ಆತನ ಹೆಂಡತಿ ಹಿತ್ತಲಿನಿಂದ ಸುತ್ತಿ ಬಂದರು. ಸೆರಗಿನಡಿ ಒಂದು ಹಳೇ ಸೀರೆಯಲ್ಲಿ ಸುತ್ತಿದ ಫ್ರೇಮು.

"ಇದಾ ನೋಡಪ್ಪ. ಅಕ್ಕಿ ಡ್ರಮ್ಮಲ್ಲಿ ಮಡಗಿದ್ದ. ನನ್ ಕೈಗೆ ಸಿಕ್ತು. ಆವತ್ತಿಂದ ನನ್ ಟ್ರಂಕಲ್ಲೈತೆ. ಎಲ್ಲೋಯ್ತು ಅಂತ ಕೇಳಕ್ಕೂ ಆಗ್ದೆ ಒದ್ದಾಡ್ತಾವ್ನೆ, ಎಷ್ಟೋ ವರ್ಷದಿಂದ."

"ನೀವು ಹರಿದು ಹಾಕಲಿಲ್ವಾ ಅಮ್ಮ?"

"ಯಾಕ್ ಅರೀಲಿ? ಆಯಮ್ಮ ಸೀರೆ ಎಂಗ್ ಉಟ್ಟವ್ಳೆ ನೋಡು. ಅದನ್ ನೋಡಕ್ಕೆ ಆಗಾಗ ತೆಗೀತೀನಿ. ಪಕ್ಕದಲ್ಲಿರೋ ಮೂದೇವಿ ಮನೇಲಿ ದಿನಾ ಕಾಣ್ತದೆ." ಫ್ರೇಮನ್ನು ನನ್ನ ಕೈಗೆ ಕೊಟ್ಟು, ಮತ್ತೆ ಹೇಳಿದರು: "ಕೆಲ್ಸ ಆದ್ಮೇಲೆ ನನ್ ಕೈಗೇ ತಂದ್ಕೊಡು. ಆಯಪ್ಪ ಯಾವತ್ತಾದ್ರೂ ಬಾಯ್ಬಿಟ್ಟು ಕೇಳಿದ್ರೆ ನನ್ ಹತ್ರ ಐತೆ ಅಂತ ಹೇಳು. ಕೇಳಿದ್ರೆ ಕೊಡ್ತೀನಿ. ಕೇಳ್ತಾನಾ ನೋಡಾನ."

ಅದರಿಂದ ಪ್ರತಿ ತೆಗೆದುಕೊಂಡು, ಫ್ರೇಮನ್ನು ಆ ಅಮ್ಮನ ಕೈಗೇ ಹಿಂತಿರುಗಿಸಿ, ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ನಲವತ್ತು ದಾಟಿದ ಹೆಂಗಸು, ಬಾಡಿಗೆ ಕಿರೀಟ, ಹಸಿರು ಸೀರೆ, ಯಾರ ಅಪ್ಪಣೆಗೂ ಕಾಯದ ಮುಖ. "ನಾನ್ ಎಷ್ಟ್ ನೆಟ್ಟಗೆ ನಿಂತಿದೀನಿ ನೋಡು ತಮ್ಮಯ್ಯ. ಈ ನನ್ಮಗ ವಾಲ್ಕೊಂಡವ್ನೆ" ಎಂದರು. ಆಮೇಲೆ ಎಂದರು: "ಅರ್ಜಿಗೆ ಇದ್ದಂಗೇ ಆಕು, ಸುಳ್ಳು ಬೇಡ. ನನ್ ಮನೆಗೆ ಇನ್ನೊಂದು ಮಾಡ್ಕೊಡು. ಅದ್ರಲ್ಲಿ ಇವ್ನು ಬೇಡ. ಇವ್ನ ಜಾಗಕ್ಕೆ ಅದೇ ಕಂಬ ನಿಲ್ಸು."

ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಫೋಟೋವನ್ನೂ ತಿದ್ದಿಲ್ಲ. ಮುಖ ಬೆಳ್ಳಗೆ ಮಾಡಲಿಲ್ಲ, ಸುಕ್ಕು ತೆಗೆಯಲಿಲ್ಲ, ಉಗುರಿನ ಸೀಳನ್ನು ಮುಟ್ಟಲಿಲ್ಲ. ರಾಜನನ್ನು ಮಾತ್ರ ಕಿರೀಟದಿಂದ ಕಾಲಿನ ಕಡಗದವರೆಗೆ ತೆಗೆದು ಹಾಕಿದೆ. ಅಕ್ಕನ ಕೈ ಕಂಬದ ಮೇಲೆ ಎಷ್ಟು ಸಹಜವಾಗಿ ಕೂತಿತೆಂದರೆ, ಮೊದಲಿನಿಂದಲೂ ಅವರು ನಿಂತದ್ದು ಕಂಬದ ಪಕ್ಕವೇ ಏನೋ ಅನ್ನಿಸಿತು.

ಮಾಸಾಶನ ಬಂತು. ಎರಡು ವರ್ಷ ತಗೊಂಡರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆವತ್ತು ಅವರು ಸ್ಟೂಲಿನಿಂದ ಎದ್ದು ಹೋಗುವಂತೆ ನಾನಾಡಿದ ಮಾತಿಗೆ ಕ್ಷಮೆ ಕೇಳಿರಲಿಲ್ಲ. ಫೋಟೋ ಹುಡುಕಿ ಕೊಟ್ಟೆನಲ್ಲ, ಸರಿಹೋಯಿತು ಎಂದುಕೊಂಡಿದ್ದೆ. ಸರಿಹೋಗಿಲ್ಲ. ಅಷ್ಟು ವರ್ಷದ ಅಕ್ಕನನ್ನು ಅಳಿಸಿ ಒಂದನ್ನು ಹಿಂತಿರುಗಿಸಿದವನು ನಾನು. ಈಗಲೂ ರಾಜರು ಬಂದು ಅದೇ ಮಾತು ಪಿಸುಗುಟ್ಟುತ್ತಾರೆ. ಹೊಟ್ಟೆಪಾಡು, ತೆಗೆದುಕೊಡುತ್ತೇನೆ. ಆದರೆ ಮೂಲ ಫೋಟೋ ಅಳಿಸುವುದಿಲ್ಲ. ಪ್ರತಿ ರಾಣಿಗೂ ಒಂದು ಒಂಟಿ ಪ್ರಿಂಟು ಹಾಕಿ, ಹಿಂದೆ ಊರು, ವರ್ಷ, ಆಕೆಯ ಹೆಸರು ಬರೆದು ಕೊಡುತ್ತೇನೆ. ಆ ಬುದ್ಧಿ ಅಕ್ಕ ಕೊಟ್ಟದ್ದು.

ಅಕ್ಕ ತೀರಿಕೊಂಡ ಹನ್ನೊಂದನೆಯ ದಿನ ಅವರ ಮನೆಯ ಮುಂದೆ ಶಾಮಿಯಾನ ಹಾಕಿ ಕಂಬದ ಫೋಟೋವನ್ನೇ ದೊಡ್ಡದು ಮಾಡಿ ಇಟ್ಟಿದ್ದೆ. ರಾಜರು ಕೆಲವರು ಬಿಳಿ ಷರಟು ಹಾಕಿಕೊಂಡು ಬಂದಿದ್ದರು. ಬಣ್ಣವಿಲ್ಲದೆ ಒಬ್ಬರಿಗೂ ಕಳೆಯಿರಲಿಲ್ಲ. ಆ ಗದೆ ರಾಜ ಫೋಟೋದ ಮುಂದೆ ಕೈಮುಗಿದವನು ಅಲ್ಲೇ ನಿಂತುಬಿಟ್ಟ. ಸೀರೆ ನೋಡಿದ, ಪರದೆ ನೋಡಿದ, ಕಂಬದ ಹತ್ತಿರ ಮುಖ ಒಯ್ದು ನೋಡಿದ.

"ಇಲ್ಲಿ ನಾನಿದ್ದೆ ಕಣೋ" ಎಂದ.

"ಹೌದಣ್ಣ."

"ತೆಗ್ದ್‌ಬಿಟ್ಟಿದ್ದೀಯಲ್ಲೋ."

"ಅಕ್ಕ ತೆಗಿ ಅಂದ್ರು."

ಆತ ಹಳೇ ಅಭ್ಯಾಸದಂತೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದ. "ನಂಗೊಂದು ಆಕ್ಕೊಡಪ್ಪ, ಇಬ್ರೂ ಇರೋದು. ನನ್ ಹತ್ರ ಒಂದಿತ್ತು. ಎಲ್ಲೋಯ್ತೋ ಗೊತ್ತಾಗ್ಲಿಲ್ಲ."

"ಎಲ್ಲೂ ಹೋಗಿಲ್ಲಣ್ಣ" ಎಂದೆ. "ನಿಮ್ಮ ಮನೇಲೇ ಇದೆ, ಅಮ್ಮನ ಟ್ರಂಕಲ್ಲಿ. ಕೇಳಿದ್ರೆ ಕೊಡ್ತಾರಂತೆ."

ರಾಜನ ಮುಖದಲ್ಲಿ ಮಾತು ಮರೆತ ಹಳೆಯ ಭಾವ ಬಂತು. ಬಾಯಿ ಅರ್ಧ ತೆರೆದೇ ಇತ್ತು. ಸೆರಗು ಬಾಯಿಗೆ ಹಿಡಿದು ಹೇಳಿಕೊಡಲು ಅಕ್ಕ ಇರಲಿಲ್ಲ. ಆತ ಚಪ್ಪಲಿ ಹುಡುಕಿಕೊಂಡು ಹೊರಟುಹೋದ.

ಮೊನ್ನೆ ಆತನ ಹೆಂಡತಿ ಮೊಮ್ಮಗಳ ಪಾಸ್‌ಪೋರ್ಟ್ ಸೈಜಿಗೆಂದು ಸ್ಟುಡಿಯೋಗೆ ಬಂದಿದ್ದರು. ಕೇಳಿದರಾ ಎಂದೆ. ಇನ್ನೂ ಕೇಳಿಲ್ಲವಂತೆ.